ಆಟ ಕಟ್ಟುತ್ತ ಕಲಿತ ರೇಖಾಗಣಿತ

ಕನ್ನಡ ಮಾಧ್ಯಮದ ಶಾಲೆಗಳಲ್ಲಿ ನಮ್ಮ ತಲೆಮಾರು ಕಲಿತ ರೇಖಾಗಣಿತದಲ್ಲಿ ಚಿತ್ರಗಳು ಕದಲುತ್ತಿರಲಿಲ್ಲ. ಮೇಷ್ಟ್ರು ಕರಿಹಲಗೆಯ ಮೇಲೆ ಬರೆದ ತ್ರಿಭುಜ ಒರೆಸುವ ತನಕ ಬರೆದಲ್ಲೇ ಇರುತ್ತಿತ್ತು. ಅದರ ಪಕ್ಕದಲ್ಲಿ ದತ್ತ, ಸಾಧನೀಯ, ರಚನೆ, ಸಾಧನೆ ಎಂಬ ತಲೆಬರಹಗಳು ಕ್ರಮವಾಗಿ ಇಳಿಯುತ್ತಿದ್ದವು. ಆ ಶಿಸ್ತಿನ ಋಣ ದೊಡ್ಡದು. ಒಂದು ಮಾತು ಆಡಿದರೆ ಅದಕ್ಕೆ ಕಾರಣ ಕೊಡಬೇಕೆಂದು ನಮಗೆ ಮೊದಲು ಕಲಿಸಿದ್ದು ಅದೇ. ಆದರೆ ಆಕೃತಿಯನ್ನು ಸರಿಸಿದರೆ, ತಿರುಗಿಸಿದರೆ, ಮಗುಚಿದರೆ ಏನು ಬದಲಾಗುತ್ತದೆ, ಏನು ಉಳಿಯುತ್ತದೆ ಎಂಬ ಪ್ರಶ್ನೆಗೆ ಅಲ್ಲಿ ಜಾಗ ಕಡಿಮೆಯಿತ್ತು. ಮುಂದೆ ಗಣಿತ ಕಲಿಸುವ ಕೆಲಸಕ್ಕೆ ಬಂದ ನಮ್ಮಂಥವರು ಆ ಪ್ರಶ್ನೆಗೆ ಜಾಗ ಮಾಡಿಕೊಡಲು ಹಿಡಿದ ದಾರಿಗಳಲ್ಲಿ ಒಂದು, ಮಕ್ಕಳ ಕೈಯಲ್ಲೇ ಮಣೆಯಾಟಗಳನ್ನು ಕಟ್ಟಿಸುವುದು. ಆ ವರ್ಷಗಳನ್ನು ಈಗ ತಿರುಗಿ ನೋಡುವಾಗ ಒಂದು ವಿಷಯ ನನಗೆ ಖಚಿತವಾಗಿದೆ. ರೇಖಾಗಣಿತದ ರೂಪಾಂತರಗಳು ಮಕ್ಕಳಿಗೆ ಒಲಿದದ್ದು ಆಟ ಆಡಿದ್ದರಿಂದಲ್ಲ, ಆಟದ ನಿಯಮ ಬರೆದದ್ದರಿಂದ. ನಿಯಮ ಬರೆಯುವವನು ಎಲ್ಲ ಆಟಗಾರರಿಗೂ ನ್ಯಾಯ ಒದಗಿಸಬೇಕು. ಮಣೆಯ ಮೇಲಿನ ನ್ಯಾಯವನ್ನು ಹುಡುಕುತ್ತ ಹೋದರೆ ಕೈಗೆ ಸಿಗುವುದು ಸಮಮಿತಿ. ಈ ಮಾತಿಗೆ ಆಧಾರಗಳೇನು, ಇದರ ವಿರುದ್ಧ ಹೇಳಬಹುದಾದ್ದೇನು ಎಂಬುದನ್ನು ಇಲ್ಲಿ ವಿವರವಾಗಿ ಬರೆಯಬೇಕೆನಿಸಿದೆ.

ಚಲನೆಯ ಪ್ರಶ್ನೆ ರೇಖಾಗಣಿತಕ್ಕೆ ಹೊಸದೇನಲ್ಲ. ಯೂಕ್ಲಿಡ್ ತನ್ನ ಮೊದಲ ಪುಸ್ತಕದ ನಾಲ್ಕನೆಯ ಪ್ರಮೇಯದಲ್ಲಿ, ಅಂದರೆ ನಾವು ಬಾಹು-ಕೋನ-ಬಾಹು ಎಂದು ಬಾಯಿಪಾಠ ಮಾಡಿದ ಸರ್ವಸಮತೆಯ ನಿಯಮದಲ್ಲಿ, ಒಂದು ತ್ರಿಭುಜವನ್ನು ಎತ್ತಿ ಇನ್ನೊಂದರ ಮೇಲೆ ಇಡುತ್ತಾನೆ. ಎತ್ತುವುದು ಎಂದರೇನು, ಎತ್ತಿ ಒಯ್ಯುವಾಗ ತ್ರಿಭುಜ ಸೊಟ್ಟಗಾಗದು ಎನ್ನುವುದಕ್ಕೆ ಏನು ಭರವಸೆ ಎಂಬುದನ್ನು ಆತ ಹೇಳುವುದಿಲ್ಲ. ಇಲ್ಲಿ ತೊಡಕಿದೆಯೆಂದು ಕಂಡ ಗಣಿತಜ್ಞ ಹಿಲ್ಬರ್ಟ್ 1899ರಲ್ಲಿ ತನ್ನ ರೇಖಾಗಣಿತದ ತಳಹದಿಯನ್ನು ಕಟ್ಟುವಾಗ ಆ ನಿಯಮದ ತಿರುಳನ್ನು ಸ್ವಯಂಸಿದ್ಧವಾಗಿಯೇ ಇಟ್ಟುಕೊಂಡ. ಅದಕ್ಕೂ ಮುಂಚೆ, 1872ರಲ್ಲಿ, ಫೆಲಿಕ್ಸ್ ಕ್ಲೈನ್ ಬೇರೆಯದೇ ದಾರಿ ತೋರಿಸಿದ್ದ. ಚಲನೆಯನ್ನು ಬಚ್ಚಿಡುವ ಬದಲು ಅದನ್ನೇ ನಡುಮನೆಗೆ ತರಬೇಕು. ಯಾವ ರೂಪಾಂತರಗಳಲ್ಲಿ ಯಾವ ಗುಣಗಳು ಉಳಿಯುತ್ತವೆ ಎಂದು ಅರಸುವುದೇ ರೇಖಾಗಣಿತ ಎಂದು ಆತ ಪ್ರತಿಪಾದಿಸಿದ. ಈ ವಿಚಾರ ಶಾಲೆಯ ತನಕ ಇಳಿಯಲು ಬಹಳ ಕಾಲ ಹಿಡಿಯಿತು. ಅಮೆರಿಕದ ಹಲವು ರಾಜ್ಯಗಳು ಒಪ್ಪಿಕೊಂಡ 2010ರ ಪಠ್ಯಮಾನದಂಡಗಳು ಎಂಟನೆಯ ತರಗತಿಯಲ್ಲಿ ಸರ್ವಸಮತೆಯನ್ನು ಸರಿಸುವುದು, ತಿರುಗಿಸುವುದು, ಪ್ರತಿಫಲಿಸುವುದು ಎಂಬ ಮೂರು ಚಲನೆಗಳ ಮೇಲೆಯೇ ನಿಲ್ಲಿಸಿವೆ. ನಮ್ಮಲ್ಲಿ ಸಮಮಿತಿಯ ಪಾಠ ಹಿರಿಯ ಪ್ರಾಥಮಿಕ ಹಂತದಲ್ಲಿ ಬರುತ್ತದೆ. ಚಿಟ್ಟೆಯ ಚಿತ್ರ ಮಡಿಚಿ, ಸಮಮಿತಿಯ ರೇಖೆ ಎಳೆದು, ಮುಂದಿನ ಅಧ್ಯಾಯಕ್ಕೆ ಹೋಗುತ್ತೇವೆ. ಪ್ರೌಢಶಾಲೆಗೆ ಬರುವ ಹೊತ್ತಿಗೆ ಚಿಟ್ಟೆ ಒಂದು ಕಡೆ, ಸರ್ವಸಮ ತ್ರಿಭುಜ ಇನ್ನೊಂದು ಕಡೆ. ಎರಡೂ ಒಂದೇ ವಿಚಾರದ ಎರಡು ಮುಖಗಳೆಂದು ಮಕ್ಕಳಿಗೆ ಹೊಳೆಯುವ ಸಂದರ್ಭವೇ ಒದಗುವುದಿಲ್ಲ.

ಆಟದ ಮೂಲಕ ಕಲಿಸುವುದು ಎಂದ ಕೂಡಲೇ ಹೆಚ್ಚಿನವರ ಮನಸ್ಸಿಗೆ ಬರುವುದು ಸಿದ್ಧವಾದ ಆಟವೊಂದನ್ನು ಮಕ್ಕಳ ಮುಂದಿಟ್ಟು ಆಡಿಸುವುದು. ಅದು ಅಭ್ಯಾಸಕ್ಕೆ ಒಳ್ಳೆಯದು. ಮಗ್ಗಿ ಗಟ್ಟಿಯಾಗಬೇಕಾದರೆ ಅಂಥ ಆಟ ಸಾಕು. ಆದರೆ ಆಡುವವನು ನಿಯಮವನ್ನು ಪಾಲಿಸಿದರೆ ಆಯಿತು, ಅದು ಯಾಕೆ ಹಾಗಿದೆ ಎಂದು ಕೇಳಬೇಕಾಗಿಲ್ಲ. ಕಟ್ಟುವವನಿಗೆ ಆ ಅನುಕೂಲವಿಲ್ಲ. ಪ್ರತಿ ಮನೆ, ಪ್ರತಿ ಕಾಯಿ, ಪ್ರತಿ ಸರದಿಗೂ ಅವನು ಜವಾಬು ಹೇಳಬೇಕು. ಶಿಕ್ಷಣ ಚಿಂತಕ ಸೀಮೋರ್ ಪ್ಯಾಪರ್ಟ್ ಮತ್ತು ಅವನ ಜೊತೆಗಾರರು ಇದೇ ನೆಲೆಯಲ್ಲಿ ಕೆಲಸ ಮಾಡಿದರು. ಮಕ್ಕಳು ಹಂಚಿಕೊಳ್ಳಬಹುದಾದ ಒಂದು ವಸ್ತುವನ್ನು ಕಟ್ಟುವಾಗ ಕಲಿಕೆ ಬೇರೂರುತ್ತದೆ ಎಂಬುದು ಅವರ ನಂಬಿಕೆ. ಆ ಬಳಗದ ಇಡಿತ್ ಹ್ಯಾರೆಲ್ ಮತ್ತು ಯಾಸ್ಮಿನ್ ಕಫಾಯ್ ಬಾಸ್ಟನ್ನಿನ ಶಾಲೆಯೊಂದರ ನಾಲ್ಕನೆಯ ತರಗತಿಯ ಮಕ್ಕಳೊಂದಿಗೆ ಮಾಡಿದ ಅಧ್ಯಯನಗಳು 1991 ಮತ್ತು 1995ರಲ್ಲಿ ಪುಸ್ತಕಗಳಾಗಿ ಬಂದವು. ಅಲ್ಲಿನ ಮಕ್ಕಳು ಭಿನ್ನರಾಶಿಗಳನ್ನು ಕಲಿಸಲು ಕಂಪ್ಯೂಟರಿನಲ್ಲಿ ಪಾಠಗಳನ್ನೂ ಆಟಗಳನ್ನೂ ತಾವೇ ರಚಿಸಿದರು. ಇನ್ನೊಬ್ಬರಿಗೆ ಕಲಿಸುವ ವಸ್ತು ಕಟ್ಟಬೇಕಾದಾಗ ತಮಗೆ ಅರ್ಧಂಬರ್ಧ ಗೊತ್ತಿದ್ದದ್ದನ್ನು ಪೂರ್ತಿ ತಿಳಿಯದೆ ಗತಿಯಿರಲಿಲ್ಲ. ಅಲ್ಲಿದ್ದದ್ದು ಕಂಪ್ಯೂಟರ್ ಮತ್ತು ಭಿನ್ನರಾಶಿ, ನಮ್ಮ ತರಗತಿಗಳಲ್ಲಿ ರಟ್ಟು, ಸೀಮೆಸುಣ್ಣ ಮತ್ತು ಆಕೃತಿಗಳು. ಆದರೂ ಕಟ್ಟುವವನ ಹೊಣೆ ಎರಡು ಕಡೆಯೂ ಒಂದೇ.

ಈ ಹೊಣೆ ರೇಖಾಗಣಿತವಾಗುವ ಬಗೆಯನ್ನು ನೋಡಲು ಕವಡೆ ಹಾಕಿ ಆಡುವ ಚೌಕಾಬಾರಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಐದು ಸಾಲು, ಐದು ಕಂಬ, ಒಟ್ಟು 25 ಮನೆಗಳು. ನಾಲ್ಕು ಬದಿಗಳ ನಡುವಿನ ಮನೆಗಳಿಗೂ ನಟ್ಟನಡುವಿನ ಮನೆಗೂ ಗೀಟು ಹಾಕಿರುತ್ತಾರೆ. ಪ್ರತಿಯೊಬ್ಬರ ಕಾಯಿ ತನ್ನ ಬದಿಯ ಗೀಟು ಮನೆಯಿಂದ ಹೊರಟು, ಹೊರಗಿನ 16 ಮನೆಗಳನ್ನು ಅಪ್ರದಕ್ಷಿಣವಾಗಿ ಸುತ್ತಿ, ಒಳಸುತ್ತಿನ 8 ಮನೆಗಳನ್ನು ಪ್ರದಕ್ಷಿಣವಾಗಿ ಸುತ್ತಿ, ನಡುಮನೆ ಸೇರಿ ಹಣ್ಣಾಗುತ್ತದೆ. ನಡುಮನೆಯನ್ನು ಮೂಲಬಿಂದು ಎಂದಿಟ್ಟುಕೊಂಡು ಮನೆಗಳಿಗೆ ಅಂಕೆ ಕೊಡೋಣ. ಕೆಳಬದಿಯ ಆಟಗಾರನ ಮನೆ (0, -2), ಅವನ ಮುಂದಿನ ಹೆಜ್ಜೆ (1, -2). ಬಲಬದಿಯ ಆಟಗಾರನ ಮನೆ (2, 0), ಮುಂದಿನ ಹೆಜ್ಜೆ (2, 1). ಮೊದಲಿನ ಜೋಡಿಯಿಂದ ಎರಡನೆಯದನ್ನು ಪಡೆಯುವುದು ಸುಲಭ: ಎರಡು ಸಂಖ್ಯೆಗಳನ್ನು ಅದಲು ಬದಲು ಮಾಡಿ, ಮೊದಲ ಸ್ಥಾನಕ್ಕೆ ಬಂದದ್ದರ ಚಿಹ್ನೆ ಬದಲಿಸಬೇಕು. ಮೂಲಬಿಂದುವಿನ ಸುತ್ತ 90 ಡಿಗ್ರಿ ಅಪ್ರದಕ್ಷಿಣವಾಗಿ ತಿರುಗಿಸುವುದಕ್ಕೆ ಇರುವ ಸೂತ್ರ ಅದೇ. ದಾರಿಯ 25 ಮನೆಗಳಿಗೂ ಇದನ್ನು ಹಾಕಿ ನೋಡಿದರೆ ಒಬ್ಬನ ಇಡೀ ದಾರಿ ಪಕ್ಕದವನ ದಾರಿಯಾಗುತ್ತದೆ. ನಾಲ್ಕು ಜನರಿಗೆ ನಾಲ್ಕು ದಾರಿಗಳನ್ನು ಯಾರೂ ಬೇರೆಬೇರೆಯಾಗಿ ರಚಿಸಿಲ್ಲ. ಒಂದು ದಾರಿ ರಚಿಸಿ ಉಳಿದ ಮೂರನ್ನು ತಿರುಗಿಸಿ ಪಡೆದಿದ್ದಾರೆ. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ ಎಂಬ ನಂಬಿಕೆ ನಮ್ಮ ಜಗಲಿಗಳಲ್ಲಿ ಆಟ ಆಡಿದವರಿಗೆಲ್ಲ ಇತ್ತು. ಆ ನಂಬಿಕೆಯ ಗಣಿತದ ಹೆಸರು ಪರಿಭ್ರಮಣ ಸಮಮಿತಿ.

ಆಡುವ ಮಗು ಇದನ್ನು ಗಮನಿಸದೆ ವರ್ಷಗಟ್ಟಲೆ ಆಡಬಹುದು. ದಾರಿ ಬದಲಿಸಿ ಹೊಸ ಆಟ ಕಟ್ಟು ಎಂದಾಗ ಮಾತ್ರ ಗಮನಿಸಲೇಬೇಕಾಗುತ್ತದೆ. ಮಕ್ಕಳು ಸಾಮಾನ್ಯವಾಗಿ ಮಾಡುವ ಮೊದಲ ಬದಲಾವಣೆ, ಪಕ್ಕದವನ ದಾರಿಯನ್ನು ತಿರುಗಿಸುವ ಬದಲು ಕನ್ನಡಿಯಲ್ಲಿ ಕಂಡಂತೆ ಮಾಡುವುದು. ಕೆಳಬದಿಯವನು ಬಲಕ್ಕೆ ಹೋದರೆ ಬಲಬದಿಯವನು ಅವನಿಗೆ ಎದುರಾಗಿ ಕೆಳಕ್ಕೆ ಬರುತ್ತಾನೆ. ಕಾಯಿಗಳು ಮುಖಾಮುಖಿಯಾಗಿ ಆಟ ರಂಗೇರುತ್ತದೆ. ದಾರಿಗಳ ಉದ್ದ ಒಂದೇ, ಗೀಟು ಮನೆಗಳ ಅಂತರ ಒಂದೇ. ಮೇಲ್ನೋಟಕ್ಕೆ ನ್ಯಾಯಕ್ಕೆ ಏನೂ ಕುಂದಿಲ್ಲ. ಸರದಿಯನ್ನು ಲೆಕ್ಕಕ್ಕೆ ತಂದಾಗ ಕುಂದು ಕಾಣುತ್ತದೆ. ಗರ ಹಾಕುವ ಸರದಿ ಬಲಗಡೆಗೆ ಸುತ್ತುತ್ತದೆ ಎನ್ನೋಣ. ಕೆಳಬದಿಯವನ ದಾರಿಯಲ್ಲಿ ಮೊದಲು ಸಿಗುವುದು ಬಲಬದಿಯವನ ಮನೆ, ಅವನ ನಂತರ ಆಡುವವನೂ ಬಲಬದಿಯವನೇ. ಬಲಬದಿಯವನ ದಾರಿಯಲ್ಲಿ ಮೊದಲು ಸಿಗುವುದು ಕೆಳಬದಿಯವನ ಮನೆ, ಆದರೆ ಅವನ ಹಿಂದಿನ ಸರದಿ ಕೆಳಬದಿಯವನದು. ಒಬ್ಬನಿಗೆ ಮುಂದಿನ ಮನೆಯವನು ತಕ್ಷಣ ಆಡುತ್ತಾನೆ, ಇನ್ನೊಬ್ಬನಿಗೆ ಮುಂದಿನ ಮನೆಯವನು ಈಗಷ್ಟೇ ಆಡಿದ್ದಾನೆ. ಎದುರಾಳಿಯ ಕಾಯಿಯನ್ನು ಕಡಿಯುವ ಆಟದಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಕಾರಣ ಸರಳ. ಸರದಿಗೂ ಒಂದು ದಿಕ್ಕಿದೆ. ತಿರುಗಿಸಿದಾಗ ಆ ದಿಕ್ಕು ಉಳಿಯುತ್ತದೆ, ಪ್ರತಿಫಲಿಸಿದಾಗ ಅದು ತಿರುವುಮುರುವಾಗುತ್ತದೆ. ಉದ್ದ, ಕೋನ, ವಿಸ್ತೀರ್ಣಗಳನ್ನು ಎರಡೂ ಕಾಪಾಡುತ್ತವೆ, ಆದರೆ ಸುತ್ತುವ ದಿಕ್ಕನ್ನು ಒಂದು ಮಾತ್ರ ಕಾಪಾಡುತ್ತದೆ ಎಂಬ ಈ ಭೇದ ಪಠ್ಯಪುಸ್ತಕದಲ್ಲಿ ಒಂದು ವಾಕ್ಯವಾಗಿ ಬಂದರೆ ಯಾರ ತಲೆಗೂ ಇಳಿಯುವುದಿಲ್ಲ. ತಾವು ಕಟ್ಟಿದ ಆಟದಲ್ಲಿ ಒಬ್ಬರಿಗೆ ಅನ್ಯಾಯವಾಗುತ್ತಿದೆ ಎಂದು ಗೊತ್ತಾದಾಗ ಮಕ್ಕಳು ಅದರ ಬೇರು ಹುಡುಕದೆ ಬಿಡುವುದಿಲ್ಲ. ಮೂರು ಜನರಿಗೆ ಚೌಕಾಬಾರ ಕಟ್ಟಿ ಎಂದರೆ ಇದೇ ಹುಡುಕಾಟ ಇನ್ನೂ ಆಳಕ್ಕೆ ಹೋಗುತ್ತದೆ. ಒಂದು ಬದಿ ಖಾಲಿ ಬಿಟ್ಟರೆ ಮನೆಗಳ ನಡುವಿನ ಅಂತರ 4, 4, 8 ಆಗುತ್ತದೆ. ಎಷ್ಟು ಹೆಣಗಿದರೂ ಚೌಕ ಮೂರು ಸಮಪಾಲಿಗೆ ಒಗ್ಗುವುದಿಲ್ಲ, ಏಕೆಂದರೆ 120 ಡಿಗ್ರಿ ತಿರುಗಿಸಿದರೆ ಚೌಕ ತನ್ನ ಮೇಲೆ ತಾನು ಕೂರುವುದಿಲ್ಲ. ಆಗ ಮಣೆಯನ್ನೇ ತ್ರಿಭುಜವಾಗಿಯೋ ಷಡ್ಭುಜವಾಗಿಯೋ ಬದಲಿಸಬೇಕೆಂಬ ನಿರ್ಧಾರಕ್ಕೆ ಮಕ್ಕಳು ತಾವೇ ಬರುತ್ತಾರೆ.

ಕಾಯಿಯ ಆಯ್ಕೆಯೂ ಇಷ್ಟೇ ಗಣಿತವನ್ನು ಹೊತ್ತು ತರುತ್ತದೆ. ತರಗತಿಗಾಗಿ ಕಟ್ಟುವ ಆಟಗಳಲ್ಲಿ ಒಂದು ಬಗೆ ಹೀಗಿರುತ್ತದೆ: ಚೌಕುಳಿ ಮಣೆಯ ಮೇಲೆ ರಟ್ಟಿನ ಕಾಯಿಯೊಂದು, ಎಳೆದುಕೊಳ್ಳುವ ಚೀಟಿಗಳಲ್ಲಿ ಸರಿಸು, ತಿರುಗಿಸು, ಪ್ರತಿಫಲಿಸು ಎಂಬ ಆಜ್ಞೆಗಳು, ಕೊನೆಗೆ ಕಾಯಿ ಗುರಿಮನೆಯಲ್ಲಿ ಸರಿಯಾದ ನಿಲುವಿನಲ್ಲಿ ಕೂರಬೇಕು. ದುಂಡನೆಯ ಬಟನ್ನನ್ನು ಕಾಯಿ ಮಾಡಿದರೆ ತಿರುಗಿಸು ಎಂಬ ಚೀಟಿ ದಂಡ, ಏಕೆಂದರೆ ತಿರುಗಿಸಿದರೂ ಅದು ಹಾಗೇ ಕಾಣುತ್ತದೆ. ಹಾಗಾದರೆ ಯಾವ ಆಕಾರ ಬೇಕು? ನಾಲ್ಕು ಚೌಕಗಳನ್ನು ಅಂಟಿಸಿ ಮಾಡಿದ ಕಾಯಿಗಳನ್ನು ಪರೀಕ್ಷಿಸಿದರೆ ಒಂದು ಸೊಗಸಾದ ಲೆಕ್ಕ ತೆರೆದುಕೊಳ್ಳುತ್ತದೆ. ಎರಡಕ್ಕೆ ಎರಡರ ಚೌಕಕ್ಕೆ ಒಂದೇ ನಿಲುವು. ಉದ್ದನೆಯ ಪಟ್ಟಿಗೆ ಎರಡು, ಅಡ್ಡ ಮತ್ತು ಉದ್ದ. ಟಿ ಆಕಾರಕ್ಕೆ ನಾಲ್ಕು, ಮೆಟ್ಟಿಲಿನಂತೆ ಅಂಕುಡೊಂಕಾದ ಆಕಾರಕ್ಕೂ ನಾಲ್ಕು, ಎಲ್ ಆಕಾರಕ್ಕೆ ಎಂಟು. ಈಗ ಪ್ರತಿ ಆಕಾರಕ್ಕೆ ತನ್ನದೇ ಆದ ಸಮಮಿತಿಗಳೆಷ್ಟು, ಅಂದರೆ ತಿರುಗಿಸಿ ಅಥವಾ ಪ್ರತಿಫಲಿಸಿ ಚೌಕವನ್ನು ತನ್ನ ಮೇಲೆಯೇ ಕೂರಿಸುವ ಎಂಟು ಚಲನೆಗಳಲ್ಲಿ ಎಷ್ಟನ್ನು ಮಾಡಿದರೂ ಅದು ಹಾಗೇ ಕಾಣುತ್ತದೆ ಎಂದು ಎಣಿಸಿದರೆ ಕ್ರಮವಾಗಿ 8, 4, 2, 2, 1 ಸಿಗುತ್ತದೆ. ನಿಲುವುಗಳನ್ನೂ ಸಮಮಿತಿಗಳನ್ನೂ ಗುಣಿಸಿದರೆ ಪ್ರತಿ ಸಲವೂ 8. ಕಾಲೇಜಿನ ಬೀಜಗಣಿತದಲ್ಲಿ ಗುಂಪುಗಳ ಸಿದ್ಧಾಂತದ ಭಾಗವಾಗಿ ಬರುವ ಫಲಿತಾಂಶವೊಂದು ಏಳನೆಯ ತರಗತಿಯ ಮೇಜಿನ ಮೇಲೆ ರಟ್ಟಿನ ತುಂಡುಗಳಲ್ಲಿ ಹರಡಿಕೊಂಡಿರುತ್ತದೆ. ಎಲ್ ಆಕಾರದ ಕಾಯಿಯನ್ನು ಆರಿಸಿದ ಮೇಲೆ ಇನ್ನೊಂದು ಸಂಗತಿ ಎದುರಾಗುತ್ತದೆ. ಅದನ್ನು ಮಣೆಯ ಮೇಲೆ ಎಷ್ಟು ಸರಿಸಿದರೂ ತಿರುಗಿಸಿದರೂ, ಎಡಗಾಲಿನ ಚಪ್ಪಲಿ ಬಲಗಾಲಿನದಾಗದ ಹಾಗೆ, ಅದು ತನ್ನ ಪ್ರತಿಬಿಂಬವಾಗುವುದಿಲ್ಲ. ಮಣೆಯಿಂದ ಎತ್ತಿ ಮಗುಚಲೇಬೇಕು. ಕಾಯಿಯ ಎರಡು ಮುಖಗಳಿಗೂ ಬಣ್ಣ ಹಚ್ಚಬೇಕೆಂಬ ತೀರ್ಮಾನ ಅಲ್ಲಿಂದ ಬರುತ್ತದೆ.

ನಿಯಮಗಳನ್ನು ಮಾತಿನಲ್ಲಿ ಬರೆಯಲು ಕೂತಾಗ ಉಳಿದ ಅಸ್ಪಷ್ಟತೆಗಳೆಲ್ಲ ಹೊರಬೀಳುತ್ತವೆ. ಕಾಯಿಯನ್ನು 90 ಡಿಗ್ರಿ ತಿರುಗಿಸು ಎಂದು ಬರೆದರೆ ಸಾಲದು. ಯಾವ ಬಿಂದುವಿನ ಸುತ್ತ, ಯಾವ ದಿಕ್ಕಿಗೆ ಎಂದು ಹೇಳಬೇಕು. ಕಾಯಿಯ ಮೂಲೆಯ ಸುತ್ತ ತಿರುಗಿಸಿದರೆ ಅದು ಇದ್ದಲ್ಲೇ ಹೊರಳುತ್ತದೆ, ಮಣೆಯ ಕೇಂದ್ರದ ಸುತ್ತ ತಿರುಗಿಸಿದರೆ ಆಚೆಯ ಬದಿಗೆ ಹೋಗಿ ಬೀಳುತ್ತದೆ. ಪಠ್ಯದ ಲೆಕ್ಕದಲ್ಲಿ ಕೇಂದ್ರವನ್ನು ಮೊದಲೇ ಕೊಟ್ಟಿರುತ್ತಾರೆ. ಕೊಟ್ಟದ್ದು ಯಾಕೆ ಬೇಕಿತ್ತು ಎಂಬುದು ಅದನ್ನು ತಾವೇ ಕೊಡಬೇಕಾದಾಗ ತಿಳಿಯುತ್ತದೆ. ಒಂದೇ ಸರದಿಯಲ್ಲಿ ಎರಡು ಚೀಟಿ ಬಳಸಬಹುದು ಎಂಬ ನಿಯಮವಿದ್ದರೆ ಯಾವುದು ಮೊದಲು ಎಂಬ ಜಗಳ ಹುಟ್ಟುತ್ತದೆ. (2, 1) ಎಂಬ ಮನೆಯಲ್ಲಿರುವ ಕಾಯಿಯನ್ನು ಕೇಂದ್ರದ ಸುತ್ತ ಅಪ್ರದಕ್ಷಿಣವಾಗಿ 90 ಡಿಗ್ರಿ ತಿರುಗಿಸಿದರೆ (-1, 2) ತಲುಪುತ್ತದೆ, ಅದನ್ನು ನಿಂತ ಅಕ್ಷದಲ್ಲಿ ಪ್ರತಿಫಲಿಸಿದರೆ (1, 2). ಕ್ರಮ ಬದಲಿಸಿ ಮೊದಲು ಪ್ರತಿಫಲಿಸಿದರೆ (-2, 1), ಆಮೇಲೆ ತಿರುಗಿಸಿದರೆ (-1, -2). ಅವೇ ಎರಡು ಚೀಟಿಗಳು, ಆದರೆ ಮಣೆಯ ಎದುರುಬದುರು ಮನೆಗಳು. ಕೂಡುವುದರಲ್ಲೂ ಗುಣಿಸುವುದರಲ್ಲೂ ಕ್ರಮ ಲೆಕ್ಕಕ್ಕಿಲ್ಲ ಎಂದು ಕಲಿತು ಬಂದ ಮಕ್ಕಳಿಗೆ ಕ್ರಮವೇ ಫಲವನ್ನು ನಿರ್ಧರಿಸುವ ಕ್ರಿಯೆಯೊಂದು ಇಲ್ಲಿ ಎದುರಾಗುತ್ತದೆ. ಅದನ್ನು ಬೇಗ ಮನಗಂಡವರು ಆಟದಲ್ಲಿ ತಂತ್ರ ಹೂಡುತ್ತಾರೆ, ಇನ್ನೂ ಮುಂದೆ ಹೋದವರು ಯಾವ ಜೋಡಿ ಚೀಟಿಗಳಿಗೆ ಕ್ರಮ ಲೆಕ್ಕಕ್ಕಿಲ್ಲ ಎಂದು ಪಟ್ಟಿ ಮಾಡುತ್ತಾರೆ.

ಈ ಪದ್ಧತಿಯ ಬಗ್ಗೆ ಆಕ್ಷೇಪಗಳು ಹಿಂದೆಯೂ ಇದ್ದವು, ಈಗಲೂ ಇವೆ. ಅವು ಹಗುರವಾದವಲ್ಲ. ಮೊದಲನೆಯದು ಸಮಯದ್ದು. ಪೋರ್ಷನ್ ಮುಗಿಸಬೇಕು, ಪರೀಕ್ಷೆಗೆ ತಯಾರು ಮಾಡಬೇಕು, ಒಂದು ಸಣ್ಣ ಅಧ್ಯಾಯಕ್ಕೆ ವಾರಗಟ್ಟಲೆ ಕೊಟ್ಟರೆ ಉಳಿದದ್ದರ ಗತಿಯೇನು? ಶಿಕ್ಷಕರ ಮೇಲಿನ ಒತ್ತಡ ಬಲ್ಲವರು ಈ ಮಾತನ್ನು ತಳ್ಳಿಹಾಕಲಾರರು. ಆದರೆ ಆಟ ಕಟ್ಟುವಾಗ ಮುಗಿಯುವುದು ಒಂದು ಅಧ್ಯಾಯವಲ್ಲ. ಮೇಲಿನ ಉದಾಹರಣೆಗಳಲ್ಲೇ ಸಮಮಿತಿ, ಸರ್ವಸಮತೆ, ಋಣಸಂಖ್ಯೆಗಳು, ನಿರ್ದೇಶಾಂಕಗಳು, ಕೋನದ ಅಳತೆ ಬಂದುಹೋಗಿವೆ. ದೊಡ್ಡದಾಗಿಸು ಎಂಬ ಚೀಟಿ ಸೇರಿಸಿದರೆ ಸಮರೂಪತೆಯೂ ಬರುತ್ತದೆ: ಬಾಹುಗಳು ಎರಡರಷ್ಟಾದರೆ ನಾಲ್ಕು ಚೌಕಗಳ ಕಾಯಿ 16 ಚೌಕಗಳನ್ನು ನುಂಗುತ್ತದೆ, ಕೋನಗಳು ಮಾತ್ರ ಹಾಗೇ ಉಳಿಯುತ್ತವೆ. ಬೇರೆಬೇರೆ ಅಧ್ಯಾಯಗಳಲ್ಲಿ ಬೇರೆಬೇರೆ ಪೀರಿಯಡ್ಡುಗಳನ್ನು ಬೇಡುವ ಇಷ್ಟನ್ನೂ ಒಂದೇ ಕೆಲಸದಲ್ಲಿ ಹೆಣೆದರೆ ಸಮಯ ಹಾಳಾಯಿತು ಎನ್ನುವಂತಿಲ್ಲ. ಪರೀಕ್ಷೆ ಕೇಳುವುದೂ ಕೊನೆಗೆ ನಿಖರವಾದ ಬರವಣಿಗೆಯನ್ನೇ. ನಿಯಮ ಪುಸ್ತಕ ಬರೆದು ಪಳಗಿದ ಕೈಗೆ ಅದು ಹೊಸದಲ್ಲ.

ಎರಡನೆಯ ಆಕ್ಷೇಪ, ಆಟದ ಗದ್ದಲದಲ್ಲಿ ಗಣಿತ ಮುಳುಗುತ್ತದೆ, ಚುರುಕಾದ ಒಂದಿಬ್ಬರು ಎಲ್ಲ ಮಾಡಿ ಉಳಿದವರು ಬಣ್ಣ ಹಚ್ಚಿಕೊಂಡು ಕೂರುತ್ತಾರೆ ಎಂಬುದು. ಇದು ನಿಜವಾಗಿಯೂ ಆಗುತ್ತದೆ. ದಾಳ ಉರುಳಿಸಿ ಮೊದಲು ತಲುಪಿದವನು ಗೆದ್ದ ಎಂಬಂಥ ಆಟಗಳಿಗೆ ರೇಖಾಗಣಿತದ ಬಣ್ಣ ಬಳಿದು ತರುವುದುಂಟು. ಅಲ್ಲಿ ಗೆಲ್ಲಿಸುವುದು ಅದೃಷ್ಟ, ರೂಪಾಂತರವಲ್ಲ. ಇದಕ್ಕೆ ಪರಿಹಾರ ಆಟವನ್ನು ಕೈಬಿಡುವುದಲ್ಲ, ಕೆಲಸವನ್ನು ಬಿಗಿಗೊಳಿಸುವುದು. ಒಂದು ಗುಂಪು ಕಟ್ಟಿದ ಆಟವನ್ನು ಇನ್ನೊಂದು ಗುಂಪು ನಿಯಮ ಪುಸ್ತಕವೊಂದನ್ನೇ ಓದಿಕೊಂಡು ಆಡಬೇಕು, ಕಟ್ಟಿದವರು ಬಾಯಿ ಬಿಡದೆ ನೋಡಬೇಕು ಎಂಬ ಒಂದು ಕಟ್ಟುಪಾಡು ಸಾಕು. ಎಲ್ಲಿ ಆಟ ನಿಂತಿತೋ ಅಲ್ಲಿ ನಿಯಮದಲ್ಲಿ ಬಿರುಕಿದೆ. ಅದನ್ನು ತಿದ್ದುವ ಹೊಣೆಯನ್ನು ಗುಂಪಿನ ಪ್ರತಿಯೊಬ್ಬರಿಗೂ ಸರದಿಯಂತೆ ಹಂಚಿದರೆ ಬಣ್ಣ ಹಚ್ಚುವವರೂ ಕೇಂದ್ರ ಯಾವುದು, ಅಕ್ಷ ಯಾವುದು ಎಂದು ಕೇಳಲೇಬೇಕಾಗುತ್ತದೆ. ಲೆಕ್ಕದಲ್ಲಿ ಹಿಂದೆ ಬಿದ್ದವರೆಂದು ಹೆಸರಾದ ಮಕ್ಕಳು ನ್ಯಾಯದ ಪ್ರಶ್ನೆಯಲ್ಲಿ ಹಿಂದೆ ಬೀಳುವುದಿಲ್ಲ. ಒಬ್ಬರಿಗೆ ಮೋಸವಾಗುತ್ತಿದೆ ಎಂದು ಮೊದಲು ದನಿ ಎತ್ತುವವರು ಹಲವು ಸಲ ಅವರೇ.

ಮೂರನೆಯ ಆಕ್ಷೇಪ ಗಣಿತ ಬಲ್ಲವರದು, ಹಾಗಾಗಿ ಎಲ್ಲಕ್ಕಿಂತ ಗಂಭೀರವಾದದ್ದು. ಆಟ ಉದಾಹರಣೆಗಳನ್ನು ಕೊಡಬಲ್ಲದು, ಸಾಧನೆಯನ್ನು ಕೊಡಲಾರದು. ನೂರು ಸಲ ಸರಿಹೋದದ್ದು ಯಾವಾಗಲೂ ಸರಿ ಎಂದಾಗುವುದಿಲ್ಲ. ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಸಾಧನೆಯ ಅಗತ್ಯ ಮಗುವಿಗೆ ಯಾವಾಗ ಅನಿಸುತ್ತದೆ ಎಂಬುದನ್ನೂ ನೋಡಬೇಕು. ಹಾಲೆಂಡಿನ ಪಿಯರ್ ವಾನ್ ಹೀಲೆ ಮತ್ತು ಡೀನಾ ವಾನ್ ಹೀಲೆ ದಂಪತಿಗಳು 1957ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧಗಳಿಂದ ಬೆಳೆದ ತಿಳಿವಳಿಕೆಯ ಪ್ರಕಾರ, ರೇಖಾಗಣಿತದ ಚಿಂತನೆ ಹಂತಹಂತವಾಗಿ ಮೇಲೇರುತ್ತದೆ. ಮೊದಲು ಆಕಾರವನ್ನು ನೋಟದಿಂದ ಗುರುತಿಸುವುದು, ಆಮೇಲೆ ಗುಣಗಳನ್ನು ಕಾಣುವುದು, ಆಮೇಲೆ ಗುಣಗಳ ನಡುವಿನ ಸಂಬಂಧ, ಆಮೇಲೆ ಸಾಧನೆ. ಕೆಳಗಿನ ಹಂತದಲ್ಲಿರುವ ಮಗುವಿಗೆ ಮೇಲಿನ ಹಂತದ ಭಾಷೆಯಲ್ಲಿ ಪಾಠ ಹೇಳಿದರೆ ಉಳಿಯುವುದು ಬಾಯಿಪಾಠ. ಆಟ ಕಟ್ಟುವ ಕೆಲಸ ನೋಟದಿಂದ ಗುಣಕ್ಕೆ, ಗುಣದಿಂದ ಸಂಬಂಧಕ್ಕೆ ಏರಿಸುತ್ತದೆ. ಒಂದಕ್ಕೊಂದು ಲಂಬವಾದ ಎರಡು ಅಕ್ಷಗಳಲ್ಲಿ ಒಂದಾದ ಮೇಲೊಂದು ಪ್ರತಿಫಲಿಸಿದರೆ ಅರ್ಧ ಸುತ್ತು ತಿರುಗಿಸಿದ್ದಕ್ಕೆ ಸಮ ಎಂದು ಮಕ್ಕಳು ಕಂಡುಕೊಂಡಾಗ, ಎರಡು ಚೀಟಿಗಳ ಬದಲು ಒಂದೇ ಸಾಕು ಎಂಬ ನಿಯಮ ಸೇರಿಸಲು ಅವರಿಗೆ ಆಸೆ. ಎದುರು ಗುಂಪಿನವರು ಎಲ್ಲ ಮನೆಗಳಿಗೂ ಇದು ಹೊಂದುತ್ತದೆಯೇ ಎಂದು ಕೇಳುತ್ತಾರೆ. ಒಂದು ಪ್ರತಿಫಲನ ಮೊದಲ ಸಂಖ್ಯೆಯ ಚಿಹ್ನೆ ಬದಲಿಸುತ್ತದೆ, ಇನ್ನೊಂದು ಎರಡನೆಯದರದು, ಅರ್ಧ ಸುತ್ತು ಎರಡನ್ನೂ ಒಟ್ಟಿಗೆ ಬದಲಿಸುತ್ತದೆ ಎಂಬ ಉತ್ತರ ಬಂದರೆ ಅದು ಉದಾಹರಣೆಯಲ್ಲ, ಸಾಧನೆಯೇ. ಅಲ್ಲಿಂದ ಮುಂದಕ್ಕೆ ಕರಿಹಲಗೆಯ ಶಿಸ್ತು ಬೇಕೇ ಬೇಕು. ಆಟ ಅದರ ಜಾಗವನ್ನು ಕಸಿಯುವುದಿಲ್ಲ, ಅದಕ್ಕೆ ನೆಲ ಹದ ಮಾಡುತ್ತದೆ.

ಇದು ಹೊರಗಿನಿಂದ ತಂದ ಹೊಸ ಬೋಧನಾ ವಿಧಾನ, ನಮ್ಮ ಸರ್ಕಾರಿ ಶಾಲೆಗಳಿಗೆ ದುಬಾರಿ ಎನ್ನುವವರಿಗೂ ಒಂದು ಮಾತು. ಹಂಪಿಯ ಕಲ್ಲುಚಪ್ಪಡಿಗಳ ಮೇಲೆ ಆಟದ ಮನೆಗಳನ್ನು ಕೊರೆದಿರುವುದನ್ನು ಇವತ್ತಿಗೂ ನೋಡಬಹುದು. ಪಗಡೆಯ ಹಾಸಿನ ನಾಲ್ಕು ತೋಳುಗಳು, ಒಂದೊಂದರಲ್ಲೂ ಮೂರು ಸಾಲು, ಸಾಲಿಗೆ ಎಂಟು ಮನೆ, ಚೌಕಾಬಾರದ ಹಾಗೆಯೇ 90 ಡಿಗ್ರಿಯ ಸಮಮಿತಿಯಲ್ಲಿ ನಿಂತಿವೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಹೊಸ ಮಣೆಯಾಟಗಳನ್ನು ರಚಿಸಿದವರು. ಅವರ ಶ್ರೀತತ್ತ್ವನಿಧಿಯ ಕೌತುಕ ನಿಧಿ ಆಟಗಳಿಗೆ ಮೀಸಲಾದ ಭಾಗ. ಚದುರಂಗದ ಕುದುರೆ ಎಲ್ಲ ಮನೆಗಳನ್ನೂ ಒಮ್ಮೊಮ್ಮೆ ಮಾತ್ರ ಮೆಟ್ಟಿ ಬರುವ ಸಮಸ್ಯೆಯಲ್ಲೂ ಅವರು ಆಳವಾದ ಆಸಕ್ತಿ ತಳೆದು ದಾರಿಗಳನ್ನು ಕಂಡುಹಿಡಿದಿದ್ದರು. ಆ ಕುದುರೆಯ ಎಂಟು ನೆಗೆತಗಳನ್ನು ಗಮನಿಸಿ: (1, 2) ಎಂಬ ಒಂದೇ ನೆಗೆತಕ್ಕೆ ಚೌಕದ ಎಂಟು ಚಲನೆಗಳನ್ನು ಹಾಕಿದರೆ ಉಳಿದ ಏಳೂ ಸಿಗುತ್ತವೆ. ಆಟ ಕಟ್ಟುವುದು ಈ ನಾಡಿನಲ್ಲಿ ಅರಮನೆಯಿಂದ ಜಗಲಿಯ ತನಕ ನಡೆದುಬಂದ ವಿದ್ಯೆ. ಅದಕ್ಕೆ ಬೇಕಾದದ್ದು ಸೀಮೆಸುಣ್ಣ, ಕವಡೆ ಅಥವಾ ಹುಣಸೆಬೀಜ, ಹಳೆಯ ರಟ್ಟು.

ಗಣಿತ ಕಲಿಸುವ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟೇ. ಸಮಮಿತಿಯ ಪಾಠ ಬಂದಾಗ ಚಿಟ್ಟೆಯ ಚಿತ್ರ ಮಡಿಚಿದ ಮೇಲೆ ಅಲ್ಲಿಗೇ ನಿಲ್ಲಿಸಬೇಡಿ. ನೆಲದ ಮೇಲೆ ಐದಕ್ಕೆ ಐದರ ಮನೆ ಬರೆಯಿಸಿ, ಯಾರಿಗೂ ಅನ್ಯಾಯವಾಗದ ಒಂದು ಹೊಸ ಆಟ ಕಟ್ಟಿ ಎಂದು ಮಕ್ಕಳಿಗೆ ಹೇಳಿ. ಅನ್ಯಾಯವಿಲ್ಲ ಎಂದು ಅವರು ಹೇಳಿದಾಗ, ಅದನ್ನು ತೋರಿಸಿಕೊಡಿ ಎಂದು ಕೇಳಿ. ಅವರು ತೋರಿಸಿಕೊಡಲು ಹೊರಟ ಕ್ಷಣದಿಂದ ರೇಖಾಗಣಿತ ಅವರದಾಗುತ್ತದೆ.